ಹಕ್ಕಿಯ ಬೆನ್ನು ಹತ್ತಿ ಬಳ್ಳಿಗಾವೆಗೆ

ಸರ್ಕಾರಿ ಕಾಗದದ ನೆತ್ತಿಯಲ್ಲಿ ಕೂತ ಗಂಡಭೇರುಂಡದ ಮೂಲಪುರುಷ ಯಾರು? ವಿದ್ಯಾರಣ್ಯಪುರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಈ ಹುಡುಕಾಟ ಶುರುವಾಯಿತು. ಬಡಾವಣೆಗೆ ವಿಜಯನಗರದ ಗುರುವಿನ ಹೆಸರಿದೆಯಲ್ಲ, ನಾನೂ ಮೊದಲು ಹೋದದ್ದು ಅಲ್ಲಿಗೇ. ಅಚ್ಯುತರಾಯನ (1529–1542) ಚಿನ್ನದ ನಾಣ್ಯದಲ್ಲಿ ಹಕ್ಕಿ ಸಿಕ್ಕಿತು. ಉಗುರಗಲದ ಚಿನ್ನದಲ್ಲಿ ಕೊಕ್ಕಿಗೂ ಆನೆ, ಕಾಲಿಗೂ ಆನೆ! ಆದರೆ ಅಷ್ಟು ಹೊತ್ತಿಗೆ ಅದು ಅರಮನೆಗೆ ಒಗ್ಗಿಹೋದ ಹಕ್ಕಿ.

ಇನ್ನೂ ಹಿಂದಕ್ಕೆ ಸರಿದೆ. 12ನೇ ಶತಮಾನದ ಬೇಲೂರಿನ ಗುಡಿಯಲ್ಲಿ ಹಾವನ್ನು ಹಿಡಿದ ಆನೆ, ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಪಕ್ಕದಲ್ಲಿ ಬೆರಗಾಗಿ ನೋಡುವ ಒಬ್ಬ ತಪಸ್ವಿ. ನನ್ನ ಸ್ಥಿತಿಯೂ ಅವನದೇ.

ಕೊನೆಗೆ ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟ ಬಿಚ್ಚಿದೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳು. ಎರಡು ಸಂಜೆ ಹಕ್ಕಿಗಾಗಿ ಪುಟ ಮಗುಚಿದ್ದೇ ಬಂತು. ತಪ್ಪು ನನ್ನದೇ: ಹುಡುಕಬೇಕಾದದ್ದು ಹಕ್ಕಿಯನ್ನಲ್ಲ, ಮನುಷ್ಯನನ್ನು.

ಶಕ 969, ಅಂದರೆ ಕ್ರಿ.ಶ. 1047. ಕಲ್ಯಾಣದಲ್ಲಿ ಒಂದನೆಯ ಸೋಮೇಶ್ವರ ಆಳುತ್ತಿದ್ದ ಕಾಲ. ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತವನ್ನು ನೋಡಿಕೊಳ್ಳುತ್ತಿದ್ದ ಚಾಮುಂಡರಾಯರಸ ಬಳ್ಳಿಗಾವೆಯ ಜಗದೇಕಮಲ್ಲೇಶ್ವರ ಗುಡಿಯ ಎದುರು ಒಂದು ಕಂಬ ನೆಡಿಸುತ್ತಾನೆ. (ಶ್ರವಣಬೆಳಗೊಳದ ಚಾವುಂಡರಾಯ ಬೇರೆ, ನಾನೂ ಒಂದು ಗಳಿಗೆ ಎಡವಿದ್ದೆ.) ಕಂಬದ ತುದಿಯಲ್ಲಿ ಗಂಡಭೇರುಂಡ. ಕಂಬ ನೆಡಿಸಿದವನ ಬಿರುದೂ ಗಂಡಭೇರುಂಡ!

‘ಗಂಡ’ ಎಂದರೆ ಇಂದು ಮನೆಯ ಯಜಮಾನ, ಅದೂ ಹೆಸರಿಗೆ. ಅಂದು ವೀರ, ಎದುರಾದವರನ್ನು ಅಡಗಿಸುವವನು. ಗಂಡಮಾರ್ತಾಂಡ, ಮೂರುರಾಯರ ಗಂಡ, ಎಲ್ಲ ಅದೇ ಬಳ್ಳಿಯ ಬಿರುದುಗಳು. ಭೇರುಂಡ ಹಕ್ಕಿ ಅದಕ್ಕೂ ಹಳೆಯದು. ಪಂಚತಂತ್ರದ ಭಾರುಂಡಕ್ಕೆ ಹೊಟ್ಟೆ ಒಂದು, ಕೊರಳು ಎರಡು. ಒಂದು ತಲೆ ಇನ್ನೊಂದರ ಮೇಲಿನ ಸಿಟ್ಟಿಗೆ ವಿಷ ತಿಂದು ಎರಡೂ ಸಾಯುತ್ತವೆ. ತಕ್ಷಶಿಲೆಯ ಸಿರ್ಕಪ್‌ನ ಸ್ತೂಪದ ಮೇಲೂ ಎರಡು ತಲೆಯ ಹದ್ದು ಕೂತಿದೆ. ಆದರೆ ಅವು ಯಾವುವೂ ಕಾದಾಡಿದವಲ್ಲ. ಹಕ್ಕಿಗೆ ಯುದ್ಧ ಕಲಿಸಿದ್ದು ಕನ್ನಡ ನಾಡಿನ ಬಿರುದು ಎಂಬುದು ನನ್ನ ತೀರ್ಮಾನ. ಬಳ್ಳಿಗಾವೆಯ ಶಿಲ್ಪವೇ ನನ್ನ ಸಾಕ್ಷಿ: ಅಲ್ಲಿರುವುದು ನಾಣ್ಯದ ಹಕ್ಕಿಯಲ್ಲ; ಮನುಷ್ಯನ ಮೈ, ಅದರ ಮೇಲೆ ಎರಡು ಹಕ್ಕಿತಲೆ.

ಊರವರು ಅದನ್ನು ಬರೀ ಕೈಮುಗಿದು ಬಿಡಲಿಲ್ಲ. ಭೂಮಿ ಅಳೆಯುವ ಕೋಲಿಗೂ ‘ಭೇರುಂಡ ಗಳೆ’ ಎಂದು ಹೆಸರಿಟ್ಟರು.

ಕಂಬ ಇಂದೂ ನಿಂತಿದೆ, ಶಿರಾಳಕೊಪ್ಪದ ಪಕ್ಕದಲ್ಲೇ. ಹೋದರೆ ದುರ್ಬೀನು ಒಯ್ಯಿರಿ; ಮುಖಗಳು ಬಹಳ ಎತ್ತರದಲ್ಲಿವೆ.