ಕಾರ್ಡ್ ಶೋ

ಅಮೆರಿಕದ ಊರುಗಳಲ್ಲಿ ಹೆಚ್ಚಾಗಿ ವಾರಾಂತ್ಯಕ್ಕೆ ನಡೆಯುವ ಕ್ರೀಡಾ ಕಾರ್ಡುಗಳ ಸಂತೆ. ಹೋಟೆಲಿನ ಸಭಾಂಗಣದಲ್ಲೋ ಚರ್ಚಿನ ಹಾಲಿನಲ್ಲೋ ಮಾರಾಟಗಾರರು ಮೇಜು ಬಾಡಿಗೆಗೆ ಹಿಡಿದು ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರ ಕಾರ್ಡುಗಳನ್ನು ಹರಡುತ್ತಾರೆ. ಬೆಲೆಬಾಳುವವು ಗಾಜಿನ ಪೆಟ್ಟಿಗೆಯಲ್ಲಿ. ಅಗ್ಗದವು ಉದ್ದನೆಯ ರಟ್ಟಿನ ಡಬ್ಬಗಳಲ್ಲಿ, ಮಕ್ಕಳ ಕೈಗೆಟುಕುವಂತೆ. ಶೋದ ಜೀವಾಳ ಈ ಡಬ್ಬಗಳೇ. ಚೌಕಾಸಿಯೂ ಉಂಟು, ಕಾರ್ಡಿಗೆ ಕಾರ್ಡು ಬದಲಿಸಿಕೊಳ್ಳುವುದೂ ಉಂಟು. ಆಟಗಾರನ ಹೆಸರಿನಷ್ಟೇ ಕಾರ್ಡಿನ ಸ್ಥಿತಿಯೂ ಮುಖ್ಯ: ಮೂಲೆ ಸವೆದಿದೆಯೇ, ಚಿತ್ರ ನಟ್ಟನಡುವೆ ಕೂತಿದೆಯೇ, ಗೀರು ಬಿದ್ದಿದೆಯೇ ಎಂದು ನೋಡುತ್ತಾರೆ. 1991ರಲ್ಲಿ ಶುರುವಾದ ಪಿಎಸ್‌ಎಯಂಥ ಸಂಸ್ಥೆಗಳು ಈ ಸ್ಥಿತಿಗೆ 10ರವರೆಗೆ ಅಂಕ ಕೊಟ್ಟು, ಕಾರ್ಡನ್ನು ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸುತ್ತವೆ. 1980ರ ದಶಕದ ಕೊನೆಯಲ್ಲಿ ವಿಪರೀತವಾಗಿ ಅಚ್ಚಾದ ಕಾರ್ಡುಗಳಲ್ಲಿ ಬಹುಪಾಲಿಗೆ ಇಂದು ಬೆಲೆಯಿಲ್ಲ. ಆದರೆ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ, ಟಾಪ್ಸ್ ಕಂಪನಿ 1952ರಲ್ಲಿ ತಂದ ಕಾರ್ಡೊಂದು 2022ರ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು.