ಹೆಲ್ಡ್ ಕಂಡ ಬಟ್ಟಲು

ಗದ್ದಲದ ಬೀದಿಯಲ್ಲಿ ಯಾರೋ ಹೆಸರು ಹಿಡಿದು ಕೂಗಿದರೆ ತಲೆ ತಾನಾಗಿ ಆ ಕಡೆಗೇ ತಿರುಗುತ್ತದೆ. ಎರಡು ಕಿವಿಗಳಿಗೆ ಬಂದ ಸದ್ದಿನ ಹೊತ್ತು ಮತ್ತು ಜೋರಿನಲ್ಲಿರುವ ಸಣ್ಣ ವ್ಯತ್ಯಾಸವನ್ನು ಮಿದುಳುಕಾಂಡ ತಾಳೆ ಹಾಕಿ ದಿಕ್ಕನ್ನು ಹೇಳುತ್ತದೆ. ಅದಕ್ಕಾಗಿ ಒಂದು ಕಿವಿಯ ಸುದ್ದಿ ಇನ್ನೊಂದು ಬದಿಗೆ ತಡವಾಗದೆ ತಲುಪಬೇಕು. ಈ ಓಟದ ದಾರಿಯಲ್ಲಿರುವ ಒಂದು ಕೂಡುತಾಣ ವಿಜ್ಞಾನಿಗಳನ್ನು ಮೊದಲು ದಾರಿ ತಪ್ಪಿಸಿತು. ನೂರು ವರ್ಷಗಳ ನಂತರ ಅದೇ ದಾರಿ ತೋರಿಸಿತು.

1893ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಅಂಗರಚನಾ ವಿಜ್ಞಾನಿ ಹಾನ್ಸ್ ಹೆಲ್ಡ್ ಈ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ದಪ್ಪನೆಯ ನರತಂತುವೊಂದು ಕೊನೆಯಲ್ಲಿ ಅಗಲವಾಗಿ ಹರಡಿ, ಹೂವನ್ನು ಹಿಡಿದ ಹಸಿರು ಬಟ್ಟಲಿನಂತೆ ಇನ್ನೊಂದು ನರಕೋಶವನ್ನು ತಬ್ಬಿಕೊಂಡಿತ್ತು. ಬೆಳೆದ ಪ್ರಾಣಿಗಳಲ್ಲಿ ಬಟ್ಟಲೂ ಕೋಶವೂ ಬೆಸೆದು ಒಂದೇ ಆಗಿಬಿಡುತ್ತವೆ ಎಂದು ಆತ ಮುಂದೆ ವಾದಿಸಿದ.

ಆಗ ನಡೆಯುತ್ತಿದ್ದ ದೊಡ್ಡ ಜಗಳವೂ ಇದೇ. ನರಮಂಡಲವೆಲ್ಲ ಒಂದೇ ಬಲೆ ಎಂದದ್ದು ಇಟಲಿಯ ಗಾಲ್ಜಿ. ನರಕೋಶಗಳು ಬೇರೆ ಬೇರೆ, ಒಂದನ್ನೊಂದು ಮುಟ್ಟುತ್ತವೆ ಅಷ್ಟೇ ಎಂದದ್ದು ಸ್ಪೇನಿನ ಕಹಾಲ್. 1906ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಗಾಲ್ಜಿ ತನ್ನ ನೊಬೆಲ್ ಭಾಷಣದಲ್ಲೇ ಕಹಾಲ್ ಎತ್ತಿಹಿಡಿದಿದ್ದ ಸಿದ್ಧಾಂತವನ್ನು ಅಲ್ಲಗಳೆದ. ಅಷ್ಟರಲ್ಲಿ, 1897ರಲ್ಲೇ, ಇಂಗ್ಲೆಂಡಿನಲ್ಲಿ ಶೆರಿಂಗ್ಟನ್ ಈ ಕೂಡುತಾಣಕ್ಕೆ ‘ಸಿನಾಪ್ಸ್’ ಎಂಬ ಹೆಸರು ಕೊಟ್ಟಿದ್ದ.

ಕಣ್ಣಿನಿಂದ ತೀರ್ಮಾನಿಸುವಂತಿರಲಿಲ್ಲ. ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರವಿರುವ ಎರಡು ಗೆರೆಗಳು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಒಂದಾಗಿಯೇ ಕಾಣುತ್ತವೆ. ಸಿನಾಪ್ಸಿನ ಸಂದು ಸುಮಾರು 20 ನ್ಯಾನೋಮೀಟರ್. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದನ್ನು ತೋರಿಸಿದಾಗ ಕಹಾಲ್ ಹೇಳಿದ್ದೇ ನಿಜವಾಯಿತು.

ಸಂದು ಇದೆ, ಸರಿ. ಸುದ್ದಿ ಅದನ್ನು ದಾಟುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದ ಬರ್ನಾರ್ಡ್ ಕಾಟ್ಸ್ ಹುಟ್ಟಿದ್ದೂ ವೈದ್ಯಕೀಯ ಓದಿದ್ದೂ ಹೆಲ್ಡ್‌ನ ಲೈಪ್‌ಜಿಗ್‌ನಲ್ಲೇ. ಯಹೂದಿಯಾದ ಆತ 1935ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ಲಂಡನ್ ಸೇರಿದ. ಕಪ್ಪೆಯ ಸ್ನಾಯುವಿಗೆ ನರ ಕೂಡುವ ಜಾಗವನ್ನು ಸಂಗಡಿಗರೊಂದಿಗೆ ಪರೀಕ್ಷಿಸಿದಾಗ, ನರದ ತುದಿ ರಾಸಾಯನಿಕವನ್ನು ಸುರಿಯುವುದಿಲ್ಲ, ಸಮ ಅಳತೆಯ ಪೊಟ್ಟಣಗಳಲ್ಲಿ ಬಿಡುತ್ತದೆ ಎಂದು ತಿಳಿಯಿತು. ಪೊಟ್ಟಣ ಒಡೆಯಲು ಕ್ಯಾಲ್ಸಿಯಂ ಬೇಕು ಎಂಬುದೂ ಗೊತ್ತಾಯಿತು. 1970ರ ನೊಬೆಲ್‌ನಲ್ಲಿ ಕಾಟ್ಸ್‌ಗೂ ಪಾಲು ಸಿಕ್ಕಿತು.

ಮಿದುಳಿನಲ್ಲೂ ಹೀಗೆಯೇ ಆಗುತ್ತದೆಯೇ ಎಂದು ನೇರವಾಗಿ ನೋಡುವುದು ಕಷ್ಟವಿತ್ತು. ಅಲ್ಲಿನ ಬಹುತೇಕ ನರತುದಿಗಳು ವಿದ್ಯುತ್ ಅಳೆಯುವ ಗಾಜಿನ ಸೂಜಿಗೆ ಸಿಗದಷ್ಟು ಚಿಕ್ಕವು. ಹೆಲ್ಡ್‌ನ ಬಟ್ಟಲು ಮಾತ್ರ ಸಾಕಷ್ಟು ದೊಡ್ಡದು. 1994ರಲ್ಲಿ ಬ್ರಿಟನ್ನಿನ ಫೋರ್ಸೈತ್ ಬಟ್ಟಲಿನ ಒಳಗಿನ ವಿದ್ಯುತ್ತನ್ನೇ ಅಳೆದು ತೋರಿಸಿದರು. ಮರುವರ್ಷ ಹೈಡೆಲ್‌ಬರ್ಗ್‌ನಲ್ಲಿ, ಹಿಂದೆ ಕಾಟ್ಸ್‌ನ ಪ್ರಯೋಗಾಲಯದಲ್ಲಿ ಪಳಗಿದ್ದ ಬರ್ಟ್ ಸಾಕ್ಮನ್ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಬಟ್ಟಲನ್ನೂ ಅದು ತಬ್ಬಿದ ಕೋಶವನ್ನೂ ಒಟ್ಟಿಗೆ ಅಳೆದರು. ವಿದ್ಯುತ್ ಬಂದೊಡನೆ ಕ್ಯಾಲ್ಸಿಯಂ ಒಳನುಗ್ಗುತ್ತದೆ, ನೂರಾರು ತಾಣಗಳಿರುವ ಬಟ್ಟಲಿನಲ್ಲಿ ಗ್ಲುಟಮೇಟ್‌ನ ಪೊಟ್ಟಣಗಳು ಒಡೆಯುತ್ತವೆ, ಎದುರಿನ ಕೋಶ ಮಿಡಿಯುತ್ತದೆ. ಬಟ್ಟಲು ಅಷ್ಟು ದೊಡ್ಡದಿರುವುದೂ ಇದಕ್ಕೇ: ಸೆಕೆಂಡಿಗೆ ನೂರಾರು ಬಾರಿ ಕರೆ ಬಂದರೂ ಸುದ್ದಿ ತಡವಾಗಬಾರದು.

ಹೆಲ್ಡ್ ಬಿಡಿಸಿದ ಚಿತ್ರದಲ್ಲಿ ತಪ್ಪಿರಲಿಲ್ಲ. ಕಾಣದ ಸಂದನ್ನು ಇಲ್ಲವೆಂದುಕೊಂಡದ್ದು ತಪ್ಪಾಯಿತು. ಆ ಸಂದಿನ ಕೆಲಸವನ್ನು ಕೊನೆಗೆ ತೋರಿಸಿಕೊಟ್ಟ ಬಟ್ಟಲಿಗೆ ಇಂದಿಗೂ ಆತನದೇ ಹೆಸರು.