ಹಳದಿ ಕೊರಳಿನ ಗುಬ್ಬಿ

ಕಳೆದ ಮಳೆಗಾಲದಲ್ಲಿ ನಮ್ಮ ಕಟ್ಟಡದ ಮಕ್ಕಳು ಸತ್ತ ಹಕ್ಕಿಯೊಂದನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದರು. ಪಕ್ಕದ ಮನೆಯ ಮರಾಠಿ ಹುಡುಗಿ ಚಿಮಣಿ ಎಂದಳು, ಗುಜರಾತಿ ಹುಡುಗ ಚಕಲಿ ಎಂದ, ನನ್ನ ಮಗಳು ಗುಬ್ಬಚ್ಚಿ ಎಂದಳು. ಗುಬ್ಬಿಯಂತೂ ಅಲ್ಲ ಎಂದಷ್ಟೇ ನನಗೆ ಗೊತ್ತಾಯಿತು. ಎಂ.ಟೆಕ್ ಓದಿದ ಆಂಟಿ "ಬಿಸಾಡಿ, ಕೈ ತೊಳೆದುಕೊಳ್ಳಿ" ಎಂದು ಕಳಿಸಿಬಿಟ್ಟಳು. ಆಮೇಲೆ ಮನಸ್ಸಿಗೆ ಕಸಿವಿಸಿ.

ಇದೇ ಮುಂಬಯಿಯಲ್ಲಿ 1908ರಲ್ಲಿ ಇಂಥದೇ ಪ್ರಶ್ನೆ ಹಿಡಿದು ಹೋದ ಹುಡುಗನಿಗೆ ಬೇರೆ ಉತ್ತರ ಸಿಕ್ಕಿತ್ತು. ತಂದೆತಾಯಿ ಇಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದ ಸಲೀಂ ಅಲಿ ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯ ಕೊರಳು ಹಳದಿಯಾಗಿತ್ತು. (ಸಂರಕ್ಷಣೆಯ ಈ ಕಥೆ ಶುರುವಾಗುವುದೇ ಕೊಂದ ಹಕ್ಕಿಯಿಂದ!) ಮಾವ ಅಮೀರುದ್ದೀನ್ ತ್ಯಾಬ್ಜಿ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳಿಸಿದರು. ಮಿಲ್ಲಾರ್ಡ್ ಗುಬ್ಬಿಯನ್ನು ಗುರುತಿಸಿದ್ದಲ್ಲದೆ ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು, ಓದಲು ಪುಸ್ತಕ ಕೊಟ್ಟರು.

ಆ ಸೊಸೈಟಿಯ ಹುಟ್ಟು ಮಹಿಳಾ ವೇದಿಕೆಯವರಾದ ನಮಗೆ ಇನ್ನೂ ಹತ್ತಿರದ್ದು. 1883ರಲ್ಲಿ ಅದನ್ನು ಕಟ್ಟಿದ ಎಂಟು ಜನರಲ್ಲಿ ಇಬ್ಬರು ಭಾರತೀಯರು: ಪ್ರಾರ್ಥನಾ ಸಮಾಜದ ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ. ಬಾಲ್ಯವಿವಾಹದ ಗಂಡನ ಮನೆಗೆ ಹೋಗಲೊಲ್ಲೆ ಎಂದು ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತು, ಮುಂದೆ ಡಾಕ್ಟರಾದ ರುಖ್ಮಾಬಾಯಿಗೆ ಈ ಸಖಾರಾಮರು ಮಲತಂದೆ. ಸೊಸೈಟಿಯ ಸಂಗ್ರಹಕ್ಕೆ ತಮ್ಮ ಕಚೇರಿಯಲ್ಲೇ ಜಾಗ ಕೊಟ್ಟವರು ವೈನ್ ವ್ಯಾಪಾರಿ ಫಿಪ್ಸನ್. ಅವರನ್ನು ಮದುವೆಯಾದ ಕಾಮಾ ಆಸ್ಪತ್ರೆಯ ಡಾ. ಎಡಿತ್ ಪೀಚಿಯವರೇ ರುಖ್ಮಾಬಾಯಿಯ ವೈದ್ಯಕೀಯ ಓದಿಗೆ ಒತ್ತಾಸೆಯಾದವರು. ಹೆಣ್ಣುಮಕ್ಕಳ ಓದು, ಹಕ್ಕಿಗಳ ಓದು ಎರಡನ್ನೂ ಪೋಷಿಸಿದ್ದು ಪರಸ್ಪರ ಬಲ್ಲ ಕೆಲವೇ ಮನೆಗಳು. ನಮ್ಮ ಪಠ್ಯಪುಸ್ತಕದಲ್ಲಿ ಇದೇಕೆ ಬರಲಿಲ್ಲವೋ!

1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ಹೊಸ ಪ್ರಕೃತಿ ವಿಭಾಗಕ್ಕೆ ಸಲೀಂ ಅಲಿ ಗೈಡ್ ಲೆಕ್ಚರರ್ ಆದರು. ಬಂದವರಿಗೆ ಪ್ರಾಣಿಪಕ್ಷಿಗಳ ಬಗ್ಗೆ ವಿವರಿಸಿ ಹೇಳುವುದೇ ಕೆಲಸ. ಎರಡು ವರ್ಷದಲ್ಲಿ ಬೇಸರ ಬಂದು ಜರ್ಮನಿಗೆ ಓದಲು ಹೋದರು. 1930ರಲ್ಲಿ ಮರಳಿದಾಗ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ಮಕ್ಕಳಿಗೆ ಹಕ್ಕಿ ತೋರಿಸುವ ಕೆಲಸ ಇಂದಿಗೂ ಖರ್ಚಿನ ಪಟ್ಟಿಯಲ್ಲಿ ಮೊದಲು ಕತ್ತರಿಗೆ ಸಿಗುತ್ತದೆ. ನಮ್ಮ ಕಟ್ಟಡದ ಸಭೆಯಲ್ಲಿ ನಾನೇ ಕಂಡಿದ್ದೇನೆ. ಕೆಲಸ ಹೋದ ಸಲೀಂ, ಪತ್ನಿ ತೆಹ್ಮಿನಾರೊಂದಿಗೆ ಕಿಹೀಮ್ ಕಡಲತೀರದಲ್ಲಿದ್ದು ಗೀಜಗನ ಗೂಡುಗಳನ್ನು ನೋಡುತ್ತ ಕುಳಿತರು. ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದರು. ಅವರ ಭಾರತೀಯ ಹಕ್ಕಿಗಳ ಪುಸ್ತಕ 1941ರಲ್ಲಿ ಬಂತು.

ಡಿಸೆಂಬರಿನಲ್ಲಿ ಅದೇ ಮಕ್ಕಳನ್ನು ಅದೇ ಮ್ಯೂಸಿಯಮ್ಮಿಗೆ ಕರೆದೊಯ್ದೆ. ಗಾಜಿಗೆ ಮೂಗೊತ್ತಿ ನಮ್ಮ ಹಕ್ಕಿಯನ್ನು ಹುಡುಕಿದರು, ಸಿಗಲಿಲ್ಲ. ಚಕಲಿ ಎಂದಿದ್ದ ಹುಡುಗ ಈಗ ನೋಟ್‌ಬುಕ್ ಇಟ್ಟಿದ್ದಾನೆ. ಕಂಡ ಒಂದೊಂದು ಹಕ್ಕಿಗೂ ಗುಜರಾತಿ, ಮರಾಠಿ, ಕನ್ನಡದ ಹೆಸರು ಬೇಕೇ ಬೇಕು. ಕನ್ನಡದ ಕಾಲಂ ತುಂಬಿಸಲು ನಾನು ಪ್ರತಿಸಲ ಶಿರಸಿಯಲ್ಲಿರುವ ಅಮ್ಮನಿಗೆ ಫೋನ್ ಮಾಡುತ್ತೇನೆ.